ಶಾಲಾ ವರ್ಷದ ಕೊನೆಯ ಜ್ಞಾಪನ ಪತ್ರ: ಪ್ರಾಥಮಿಕ ಶಾಲೆಯ ಸಿಬ್ಬಂದಿಗಾಗಿ ಅದನ್ನು ಬರೆಯುವ ಕ್ರಮ

ಪ್ರಾಥಮಿಕ ಶಾಲೆಯಲ್ಲಿ ವರ್ಷದ ಕೊನೆಗೆ ನಡೆಯುವ ಕೆಲಸಗಳಲ್ಲಿ ಹೆಚ್ಚಿನವು ಯಾರಿಗೂ ಹೊಸವಲ್ಲ. ಅಂಕಗಳನ್ನು ದಾಖಲಿಸುವುದು, ಪುಸ್ತಕಗಳನ್ನು ಹಿಂಪಡೆಯುವುದು, ಕಪಾಟುಗಳಿಗೆ ಬೀಗ ಹಾಕುವುದು ಪ್ರತಿ ವರ್ಷವೂ ಇದ್ದದ್ದೇ. ಹೀಗಿದ್ದೂ ಶಾಲೆ ಮತ್ತೆ ತೆರೆದ ದಿನ ಯಾವ ಕೀಲಿ ಯಾವ ಕಪಾಟಿನದೆಂದು ತಿಳಿಯದೆ, ಹೊಸ ತರಗತಿಯ ಯಾವ ಮಗುವಿಗೆ ಉಬ್ಬಸವಿದೆಯೆಂದು ಗೊತ್ತಿಲ್ಲದೆ, ಹಿಂದಿನ ವರ್ಷದ ಶಿಕ್ಷಕರನ್ನು ಹುಡುಕಿಕೊಂಡು ಹೋಗುವ ಪ್ರಸಂಗ ಅನೇಕ ಶಾಲೆಗಳಲ್ಲಿ ಎದುರಾಗುತ್ತದೆ. ಕೆಲಸ ಮಾಡಿದವರು ಎಲ್ಲವನ್ನೂ ತಮ್ಮ ನೆನಪಿನಲ್ಲೇ ಇಟ್ಟುಕೊಂಡು ರಜೆಗೆ ಹೋಗಿರುವುದೇ ಇದಕ್ಕೆ ಕಾರಣ. ಆದ್ದರಿಂದ ಮುಖ್ಯ ಶಿಕ್ಷಕರು ಜ್ಞಾಪನ ಪತ್ರವನ್ನು ಸಿದ್ಧಪಡಿಸುವಾಗ, ರಜೆ ಮುಗಿದ ಮೇಲೆ ಆ ಕೊಠಡಿಯ ಬಾಗಿಲನ್ನು ಮೊದಲ ಬಾರಿಗೆ ತೆರೆಯುವ ಅಪರಿಚಿತ ಶಿಕ್ಷಕರೊಬ್ಬರನ್ನು ಕಣ್ಣಮುಂದೆ ಇರಿಸಿಕೊಳ್ಳುವುದು ಒಳ್ಳೆಯದು.

ಪತ್ರವು ಶಾಲೆಯ ಕೊನೆಯ ದಿನಕ್ಕೆ ಮೂರು ವಾರವಾದರೂ ಮೊದಲು ಸಿಬ್ಬಂದಿಯ ಕೈ ಸೇರಬೇಕು. ದಿನಾಂಕಗಳನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ ಗೊತ್ತುಪಡಿಸಿ. ಪ್ರಗತಿ ಪತ್ರವನ್ನು ಕೊನೆಯ ದಿನ ವಿತರಿಸುವುದಾದರೆ, ಮುಖ್ಯ ಶಿಕ್ಷಕರ ಸಹಿಗೆ ಎರಡು ದಿನ, ಇನ್ನೊಬ್ಬ ಶಿಕ್ಷಕರು ಅಂಕಗಳನ್ನು ತಾಳೆ ನೋಡುವುದಕ್ಕೆ ಎರಡು ದಿನ, ಕಂಡ ತಪ್ಪುಗಳನ್ನು ತಿದ್ದುವುದಕ್ಕೆ ಒಂದು ದಿನ ಬೇಕಾಗುತ್ತದೆ. ಅಂದರೆ ಅಂಕಗಳನ್ನು ದಾಖಲಿಸುವ ಕೆಲಸ ಒಂದು ವಾರ ಮೊದಲೇ ಮುಗಿದಿರಬೇಕು. ಕೊನೆಯ ದಿನಕ್ಕೆ ಪ್ರಗತಿ ಪತ್ರದ ವಿತರಣೆ ಮತ್ತು ಕೀಲಿಗಳನ್ನು ಒಪ್ಪಿಸುವ ಕೆಲಸವನ್ನು ಬಿಟ್ಟು ಬೇರೇನನ್ನೂ ಇಟ್ಟುಕೊಳ್ಳಬಾರದು, ಏಕೆಂದರೆ ಆ ದಿನ ಮಕ್ಕಳು ಮತ್ತು ಪೋಷಕರು ಶಿಕ್ಷಕರನ್ನು ಒಂದು ನಿಮಿಷವೂ ಬಿಡುವಾಗಿರಲು ಬಿಡುವುದಿಲ್ಲ.

ಪತ್ರದ ಮೊದಲ ಭಾಗದಲ್ಲಿ ಈ ವರ್ಷ ಬದಲಾದ ಸಂಗತಿಗಳು ಮಾತ್ರ ಇರಲಿ. ಪ್ರತಿ ವರ್ಷದ ನೆನಪುಗಳು ಅದರ ನಂತರ ಬರಲಿ. ಎರಡನ್ನೂ ಬೆರೆಸಿ ಬರೆದರೆ, ಹತ್ತು ವರ್ಷ ಸೇವೆ ಸಲ್ಲಿಸಿದವರು ಪರಿಚಿತ ಸಾಲುಗಳನ್ನು ಕಂಡೊಡನೆ ಉಳಿದದ್ದನ್ನು ಓದದೆ ಸಹಿ ಮಾಡುತ್ತಾರೆ, ಹೊಸ ನಿಯಮವು ಅವರ ಗಮನಕ್ಕೇ ಬರುವುದಿಲ್ಲ. ಪ್ರತಿ ಅಂಶದಲ್ಲೂ ಕೆಲಸ ಯಾವುದು, ಮಾಡುವವರು ಯಾರು, ಯಾವಾಗಿನ ಒಳಗೆ, ಯಾರಿಗೆ ಒಪ್ಪಿಸಬೇಕು ಎಂಬ ನಾಲ್ಕು ವಿವರಗಳೂ ಇರಬೇಕು. "ಎಲ್ಲ ಶಿಕ್ಷಕರೂ ತಮ್ಮ ದಾಖಲೆಗಳನ್ನು ಸರಿಪಡಿಸಿಕೊಳ್ಳತಕ್ಕದ್ದು" ಎಂಬ ವಾಕ್ಯದಿಂದ ಯಾವ ದಾಖಲೆಯೂ ಸರಿಹೋಗುವುದಿಲ್ಲ. "ತರಗತಿ ಶಿಕ್ಷಕರು ಹಾಜರಿ ಪುಸ್ತಕದ ವಾರ್ಷಿಕ ಮೊತ್ತವನ್ನು ಬರೆದು, ಶುಕ್ರವಾರ ಮಧ್ಯಾಹ್ನದೊಳಗೆ ಕಚೇರಿಯ ಗುಮಾಸ್ತರಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ಪಡೆಯಬೇಕು" ಎಂದು ಬರೆದರೆ ಸಂದೇಹಕ್ಕೆ ಎಡೆಯಿಲ್ಲ.

ಹಾಜರಿಯ ಮೊತ್ತವನ್ನು ಪರೀಕ್ಷಿಸುವುದಕ್ಕೆ ಒಂದು ಸುಲಭವಾದ ಲೆಕ್ಕವಿದೆ. ತರಗತಿಯಲ್ಲಿ 32 ಮಕ್ಕಳಿದ್ದು, ಶಾಲೆ 200 ದಿನ ನಡೆದಿದ್ದರೆ, ಹಾಜರಿ ಮತ್ತು ಗೈರುಹಾಜರಿಗಳ ಒಟ್ಟು ಮೊತ್ತ 6,400 ಆಗಲೇಬೇಕು. ಹಾಜರಿ 5,888 ಎಂದಿದ್ದರೆ ಗೈರುಹಾಜರಿ 512 ಇರಬೇಕು. ಒಂದು ಹೆಚ್ಚು ಕಡಿಮೆಯಾದರೂ ಯಾವುದೋ ತಿಂಗಳ ಪುಟದಲ್ಲಿ ತಪ್ಪಿದೆ ಎಂದರ್ಥ. ವರ್ಷದ ನಡುವೆ ಸೇರಿದ ಅಥವಾ ಶಾಲೆ ಬಿಟ್ಟ ಮಕ್ಕಳು ಹಾಜರಿ ಪುಸ್ತಕದಲ್ಲಿ ಇರದಿದ್ದ ದಿನಗಳನ್ನು ಮಾತ್ರ ಪ್ರತ್ಯೇಕವಾಗಿ ಎಣಿಸಿ ಆ ಒಟ್ಟು ಮೊತ್ತದಿಂದ ಕಳೆಯಬೇಕು. ಅಂಕಗಳನ್ನು ತಾಳೆ ನೋಡುವಾಗ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲ ಹಾಳೆಯೊಂದಿಗೆ ಹೋಲಿಸುವುದು ಉತ್ತಮ, ಏಕೆಂದರೆ ತಾನೇ ಬರೆದ 69 ಮತ್ತು 96ರ ಅದಲುಬದಲು ಬರೆದವರ ಕಣ್ಣಿಗೆ ಬೀಳುವುದು ಅಪರೂಪ. ತಪ್ಪಿನ ಮೇಲೆ ಬಿಳಿ ಬಣ್ಣ ಬಳಿಯಬಾರದು. ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ದಿನಾಂಕ ಸಹಿತ ಸಹಿ ಮಾಡಬೇಕು. ಮಕ್ಕಳ ಹೆಸರಿನ ಕಾಗುಣಿತವನ್ನೂ ಜನ್ಮ ದಿನಾಂಕವನ್ನೂ ದಾಖಲಾತಿ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಕಳೆದ ವರ್ಷದ ಪಟ್ಟಿಯಿಂದ ನಕಲು ಮಾಡಿದರೆ ಒಮ್ಮೆ ನುಸುಳಿದ ತಪ್ಪು ತರಗತಿಯಿಂದ ತರಗತಿಗೆ ಸಾಗಿ, ಕೊನೆಗೆ ವರ್ಗಾವಣೆ ಪತ್ರದಲ್ಲಿ ಬಂದು ನಿಲ್ಲುತ್ತದೆ.

ಇಷ್ಟು ಮುಗಿದರೆ ಕಾಗದದ ಕೆಲಸ ಮುಗಿಯಿತು ಎಂದುಕೊಳ್ಳುವ ಶಾಲೆಗಳೇ ಹೆಚ್ಚು. ಆದರೆ ನನ್ನ ದೃಷ್ಟಿಯಲ್ಲಿ ವರ್ಷದ ಕೊನೆಯ ಅತ್ಯಂತ ಮುಖ್ಯವಾದ ಕಾಗದ ಯಾವ ವಹಿಯಲ್ಲೂ ಇರುವುದಿಲ್ಲ. ಅದು ಒಬ್ಬ ತರಗತಿ ಶಿಕ್ಷಕರು ಮುಂದಿನ ತರಗತಿಯ ಶಿಕ್ಷಕರಿಗೆ ಮಕ್ಕಳ ಬಗ್ಗೆ ಬರೆದುಕೊಡುವ ಟಿಪ್ಪಣಿ. ಪ್ರಗತಿ ಪತ್ರದ ಅಂಕವು ಮಗು ಎಲ್ಲಿ ನಿಂತಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಏಕೆ ನಿಂತಿದೆ ಎಂಬುದನ್ನು ಹೇಳುವುದಿಲ್ಲ. ಎರಡಂಕಿಯ ಕಳೆಯುವ ಲೆಕ್ಕವನ್ನು ಮಾಡಬಲ್ಲ ಮಗು ದಶಕದಿಂದ ಎರವಲು ಪಡೆಯಬೇಕಾದಾಗ ಮಾತ್ರ ತಪ್ಪುತ್ತದೆ, ಅಥವಾ ಸರಳ ಪದಗಳನ್ನು ಓದುವ ಮಗು ಒತ್ತಕ್ಷರ ಬಂದಲ್ಲಿ ಊಹೆಯಿಂದ ಓದುತ್ತದೆ ಎಂಬ ಒಂದು ಸಾಲು, ಹೊಸ ಶಿಕ್ಷಕರ ಮೊದಲ ಒಂದು ತಿಂಗಳ ಹುಡುಕಾಟವನ್ನು ತಪ್ಪಿಸಬಲ್ಲದು. ದೀರ್ಘ ರಜೆಯಲ್ಲಿ ಮಕ್ಕಳು ಕಲಿತದ್ದರಲ್ಲಿ ಒಂದಿಷ್ಟನ್ನು ಮರೆಯುವುದು ಸಹಜವಾದ್ದರಿಂದ, ಯಾವ ದಿನ ಪರೀಕ್ಷಿಸಿ ಹೀಗೆ ಬರೆಯಲಾಯಿತು ಎಂಬ ದಿನಾಂಕವೂ ಅಲ್ಲಿರಲಿ.

ಟಿಪ್ಪಣಿಯಲ್ಲಿ ಕಂಡದ್ದನ್ನು ಬರೆಯಬೇಕು, ತೀರ್ಪನ್ನು ಬರೆಯಬಾರದು. "ಹಠಮಾರಿ" ಎಂಬ ಒಂದು ಪದ ಮುಂದಿನ ಶಿಕ್ಷಕರ ಮನಸ್ಸಿನಲ್ಲಿ ಮಗು ಬರುವ ಮೊದಲೇ ಕುಳಿತುಬಿಡುತ್ತದೆ. ಅದೇ ಮಗುವಿನ ಬಗ್ಗೆ "ಚಟುವಟಿಕೆಯನ್ನು ಹಠಾತ್ತನೆ ನಿಲ್ಲಿಸಿದರೆ ಅಳುತ್ತಾನೆ, ಐದು ನಿಮಿಷ ಮೊದಲೇ ತಿಳಿಸಿದರೆ ಸಮಾಧಾನದಿಂದ ಎದ್ದು ಬರುತ್ತಾನೆ" ಎಂದು ಬರೆದರೆ, ಓದುವವರಿಗೆ ಮಾಡಬೇಕಾದ ಕೆಲಸವೂ ತಿಳಿಯುತ್ತದೆ. ಯಾರ ಪಕ್ಕದಲ್ಲಿ ಕೂತರೆ ಚೆನ್ನಾಗಿ ಕಲಿಯುತ್ತದೆ, ಕಪ್ಪು ಹಲಗೆ ಕಾಣುವುದಕ್ಕೆ ಮುಂದಿನ ಸಾಲಿನಲ್ಲಿ ಕೂರಬೇಕೆ, ಕನ್ನಡಕವನ್ನು ಚೀಲದಲ್ಲೇ ಬಿಡುವ ಅಭ್ಯಾಸವಿದೆಯೆ ಎಂಬಂಥ ಚಿಕ್ಕ ವಿವರಗಳೇ ಇಲ್ಲಿ ಬೆಲೆಯುಳ್ಳವು. ಪ್ರತಿ ಮಗುವಿಗೂ ಪುಟಗಟ್ಟಲೆ ಬರೆಯಬೇಕಾಗಿಲ್ಲ. ಹೆಚ್ಚಿನವರಿಗೆ ಎರಡು ಸಾಲು, ವಿಶೇಷ ಗಮನ ಬೇಕಾದವರಿಗೆ ಅರ್ಧ ಪುಟ ಸಾಕು.

ಅಲರ್ಜಿ, ಉಬ್ಬಸ, ಮೂರ್ಛೆ ಮುಂತಾದ ಆರೋಗ್ಯದ ವಿವರಗಳು, ಮಗುವನ್ನು ಶಾಲೆಯಿಂದ ಕರೆದೊಯ್ಯಲು ಯಾರಿಗೆ ಅನುಮತಿಯಿದೆ ಮತ್ತು ಯಾರಿಗಿಲ್ಲ ಎಂಬ ವಿವರವು ಪ್ರತ್ಯೇಕ ಹಾಳೆಯಲ್ಲಿರಬೇಕು. ಇವನ್ನು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕುವುದಾಗಲಿ, ಮೇಜಿನ ಮೇಲೆ ತೆರೆದಿಡುವುದಾಗಲಿ ಕೂಡದು. ಲಕೋಟೆಯಲ್ಲಿ ಹಾಕಿ, ಎದುರು ಕೂತು ಮಾತಾಡಿ, ಕೈಯಿಂದ ಕೈಗೆ ಕೊಡಬೇಕು. ಮುಂದಿನ ಶಿಕ್ಷಕರು ಇನ್ನೂ ನಿಶ್ಚಯವಾಗದಿದ್ದರೆ ಮುಖ್ಯ ಶಿಕ್ಷಕರ ಕಪಾಟಿನಲ್ಲಿ ಇಡಬಹುದು. ಮಗುವಿನ ಸುರಕ್ಷತೆಯ ಬಗ್ಗೆ ಸಂಶಯವಿದ್ದರೆ ಮಾತ್ರ ಯಾವ ಟಿಪ್ಪಣಿಗೂ ವರ್ಷದ ಕೊನೆಗೂ ಕಾಯಬಾರದು. ಅದನ್ನು ಗಮನಕ್ಕೆ ಬಂದ ದಿನವೇ ಜವಾಬ್ದಾರಿ ಹೊತ್ತವರಿಗೆ ತಿಳಿಸಬೇಕು. ಮಕ್ಕಳ ಹೆಸರಿನಲ್ಲಿ ಶಾಲೆಯಲ್ಲಿಟ್ಟಿರುವ ಔಷಧಿ ಮತ್ತು ಇನ್ಹೇಲರ್‌ಗಳನ್ನು ಪೋಷಕರಿಗೇ ಹಿಂದಿರುಗಿಸಬೇಕು, ಮಗುವಿನ ಚೀಲದಲ್ಲಿ ಹಾಕಿ ಕಳುಹಿಸಬಾರದು.

ಗ್ರಂಥಾಲಯದ ಪುಸ್ತಕಗಳ ವಿಷಯ ಎಲ್ಲರಿಗೂ ತಿಳಿದದ್ದೇ; ಎರಡು ವಾರ ಮೊದಲು ಎರವಲು ನಿಲ್ಲಿಸಿ, ಬಾಕಿಯಿರುವವರ ಪಟ್ಟಿಯನ್ನು ತರಗತಿ ಶಿಕ್ಷಕರಿಗೆ ಕೊಟ್ಟರೆ ಆಯಿತು. ಪುಸ್ತಕ ತಾರದ ಮಗುವಿನ ಪ್ರಗತಿ ಪತ್ರವನ್ನು ತಡೆಹಿಡಿಯುವ ಪದ್ಧತಿ ಮಾತ್ರ ನನಗೆ ಸರಿ ಎನಿಸುವುದಿಲ್ಲ. ಏಳು ವರ್ಷದ ಮಗುವಿಗೆ ಅದರಿಂದ ತಿಳಿಯುವ ಪಾಠವೆಂದರೆ ಪುಸ್ತಕ ಮುಟ್ಟುವುದೇ ಅಪಾಯ ಎಂಬುದು.

ದಾಸ್ತಾನನ್ನು ಇಬ್ಬರು ಸೇರಿ ಎಣಿಸಬೇಕು, ಮತ್ತು ಎಣಿಸಿ ಬರೆದುಕೊಂಡ ಮೇಲೆ ದಾಸ್ತಾನು ವಹಿಯನ್ನು ತೆರೆಯಬೇಕು. ವಹಿಯಲ್ಲಿ 24 ಕುರ್ಚಿ ಎಂದು ಮೊದಲೇ ಓದಿದವರಿಗೆ ಕೊಠಡಿಯಲ್ಲಿ 23 ಇದ್ದರೂ 24 ಕಾಣುವುದುಂಟು. ಮುರಿದ ವಸ್ತುಗಳನ್ನು ಪಟ್ಟಿ ಮಾಡಿ ಪಕ್ಕಕ್ಕಿಡಬೇಕೇ ಹೊರತು ಶಿಕ್ಷಕರು ತಾವಾಗಿಯೇ ಎಸೆಯಬಾರದು. ಕೊಠಡಿಯನ್ನು ಮುಚ್ಚುವ ಮೊದಲು ತಿಂಡಿಯ ಚೂರು, ವಿಜ್ಞಾನದ ಚಟುವಟಿಕೆಗೆ ತಂದ ಕಾಳು, ಹಿಟ್ಟಿನಿಂದ ಮಾಡಿದ ಆಟದ ಮುದ್ದೆ ಇವನ್ನೆಲ್ಲ ಹೊರಹಾಕಿ, ಇಲ್ಲವಾದರೆ ಇಲಿ ಮತ್ತು ಇರುವೆಗಳು ರಜೆಯನ್ನು ಅಲ್ಲೇ ಕಳೆಯುತ್ತವೆ. ಗೋಡೆ ಗಡಿಯಾರ ಮತ್ತು ಆಟಿಕೆಗಳಿಂದ ಬ್ಯಾಟರಿಗಳನ್ನು ತೆಗೆದಿಡಿ, ಏಕೆಂದರೆ ಒಳಗೇ ಉಳಿದ ಹಳೆಯ ಬ್ಯಾಟರಿ ಸೋರಿ ಲೋಹದ ತುದಿಗಳನ್ನು ಕೆಡಿಸುತ್ತದೆ. ಟ್ಯಾಬ್ಲೆಟ್ ಮತ್ತು ಲ್ಯಾಪ್‌ಟಾಪ್‌ಗಳನ್ನು ಸುಮಾರು ಅರ್ಧದಷ್ಟು ಚಾರ್ಜ್ ಇರುವಂತೆ ನೋಡಿಕೊಂಡು, ಪೂರ್ತಿ ಆರಿಸಿ, ಒಣಗಿದ ತಂಪಾದ ಜಾಗದಲ್ಲಿಡಬೇಕು. ಚಾರ್ಜರಿಗೆ ಸಿಕ್ಕಿಸಿಯೇ ಹೋಗಬಾರದು. ಕಾಗದದ ಕಟ್ಟುಗಳು ನೆಲಕ್ಕೂ ಹೊರಗೋಡೆಗೂ ತಾಗದಿರಲಿ.

ಕೀಲಿಗೆ ಕಟ್ಟುವ ಚೀಟಿಯಲ್ಲಿ ಶಾಲೆಯ ಹೆಸರನ್ನಾಗಲಿ ಕೊಠಡಿಯ ಹೆಸರನ್ನಾಗಲಿ ಬರೆಯದೆ ಸಂಖ್ಯೆಯನ್ನು ಮಾತ್ರ ಬರೆದು, ಯಾವ ಸಂಖ್ಯೆ ಯಾವ ಬಾಗಿಲಿನದು ಎಂಬುದನ್ನು ಕಚೇರಿಯ ಪುಸ್ತಕದಲ್ಲಿ ದಾಖಲಿಸಬೇಕು. ಕಳೆದುಹೋದ ಕೀಲಿ ಯಾರ ಕೈಗೆ ಸಿಗುತ್ತದೋ ಹೇಳಲಾಗದು. ಅಂಕಪಟ್ಟಿಗಳು ಶಿಕ್ಷಕರ ಸ್ವಂತ ಖಾತೆಯ ಕಡತಗಳಲ್ಲಿದ್ದರೆ ಅವುಗಳನ್ನು ಶಾಲೆಯ ಖಾತೆಗೆ ವರ್ಗಾಯಿಸುವುದು, ಶಾಲೆ ಬಿಟ್ಟು ಹೋಗುವವರ ಪ್ರವೇಶವನ್ನು ಅವರ ಕೊನೆಯ ದಿನವೇ ನಿಲ್ಲಿಸುವುದು, ಸ್ವಂತ ಫೋನಿನಲ್ಲಿರುವ ಮಕ್ಕಳ ಚಿತ್ರಗಳನ್ನು ಅಳಿಸುವುದು ಈಗ ಕೀಲಿಯಷ್ಟೇ ಮುಖ್ಯವಾದ ಕೆಲಸಗಳು.

ಜ್ಞಾಪನ ಪತ್ರ ಬಹುತೇಕ ಶಿಕ್ಷಕರಿಗಷ್ಟೇ ತಲುಪುತ್ತದೆ. ಇದು ದೊಡ್ಡ ಕೊರತೆ. ಯಾವ ನಲ್ಲಿ ಸೋರುತ್ತದೆ, ಯಾವ ಕಿಟಕಿಯ ಚಿಲಕ ಕೂರುವುದಿಲ್ಲ ಎಂಬುದು ಸ್ವಚ್ಛತಾ ಸಿಬ್ಬಂದಿಗೂ ಕಾವಲುಗಾರರಿಗೂ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಅವರನ್ನು ಕೂರಿಸಿಕೊಂಡು ಪತ್ರವನ್ನು ಓದಿ ಹೇಳಿ, ಅವರು ಹೇಳಿದ ದುರಸ್ತಿಗಳನ್ನು ಬರೆದುಕೊಳ್ಳಬೇಕು. ರಜೆಯಲ್ಲಿ ನಿಂತ ನೀರನ್ನು ತೊಟ್ಟಿಯಿಂದ ಖಾಲಿ ಮಾಡಿ, ತೊಟ್ಟಿಯನ್ನು ತೊಳೆದು, ಮಕ್ಕಳು ಬರುವ ಮೊದಲೇ ಎಲ್ಲ ನಲ್ಲಿಗಳಲ್ಲೂ ಹೊಸ ನೀರು ಹರಿಸುವ ಜವಾಬ್ದಾರಿ ಯಾರದೆಂಬುದು ಆ ಸಭೆಯಲ್ಲೇ ನಿಶ್ಚಯವಾಗಲಿ.

ಮುಂದಿನ ವರ್ಷದ ತರಗತಿ ಹಂಚಿಕೆಯನ್ನು ಪ್ರಕಟಿಸುವ ಮೊದಲು, ತರಗತಿ ಬದಲಾಗುವ ಶಿಕ್ಷಕರಿಗೆ ಮುಖ್ಯ ಶಿಕ್ಷಕರು ಖುದ್ದಾಗಿ ತಿಳಿಸಬೇಕು. ಸೂಚನಾ ಫಲಕದ ಮುಂದೆ ನಿಂತು ಅದನ್ನು ತಿಳಿದುಕೊಳ್ಳುವ ಸ್ಥಿತಿ ಯಾರಿಗೂ ಬರಬಾರದು. ಸಿಬ್ಬಂದಿ ಹಾಜರಾಗಬೇಕಾದ ದಿನ ಮತ್ತು ಮಕ್ಕಳು ಬರುವ ದಿನ ಬೇರೆಬೇರೆಯಾಗಿದ್ದರೆ, ಎರಡನ್ನೂ ವಾರದ ಹೆಸರಿನೊಂದಿಗೆ ಬೇರೆಬೇರೆ ಸಾಲುಗಳಲ್ಲಿ ಬರೆಯಿರಿ. ರಜೆಯಲ್ಲಿ ತುರ್ತು ಸಂದರ್ಭಕ್ಕೆ ಕರೆಯಬೇಕಾದವರು ಒಬ್ಬರೇ ಇರಲಿ, ಅವರು ಸಿಗದಿದ್ದರೆ ಕರೆಯುವುದಕ್ಕೆ ಇನ್ನೊಬ್ಬರ ಹೆಸರಿರಲಿ. ರಜೆಯಲ್ಲಿ ಯಾವ ಕೆಲಸವನ್ನೂ ನಿರೀಕ್ಷಿಸದಿದ್ದರೆ ಆ ಮಾತನ್ನೂ ಸ್ಪಷ್ಟವಾಗಿ ಬರೆಯಬೇಕು.

ಸಹಿಗಳೆಲ್ಲ ಆದ ಪತ್ರದ ಒಂದು ಪ್ರತಿಯನ್ನು ಕಚೇರಿಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿಡಿ. ಶಾಲೆ ತೆರೆದ ಮೊದಲ ವಾರದಲ್ಲಿ ಏನು ಸಿಗಲಿಲ್ಲ, ಯಾವುದು ಅರ್ಥವಾಗಲಿಲ್ಲ ಎಂಬುದನ್ನು ಹೊಸದಾಗಿ ಬಂದವರೂ ಸೇರಿ ಅದರ ಅಂಚಿನಲ್ಲೇ ಬರೆಯಲಿ. ಮುಂದಿನ ಬಾರಿಯ ಕರಡನ್ನು ಆ ಹಾಳೆಯಿಂದಲೇ ಶುರು ಮಾಡಬಹುದು.