ಅಕ್ಷರ ಅಳಿಸಿಹೋದ ವಿಂಚೆಸ್ಟರ್: ತೋಟಾ ಯಾವುದೆಂದು ನಾನು ಪತ್ತೆ ಹಚ್ಚಿದ್ದು

ನನ್ನ ಹಳೇ ವಿಂಚೆಸ್ಟರ್ ರೈಫಲ್‌ಗೆ ಯಾವ ತೋಟಾ ಅಂತ ಕೇಳಿದರೆ, ಎಂಟು ತಿಂಗಳು ಎಲ್ಲರೂ ಒಂದೇ ಮಾತು ಹೇಳಿದರು: "1894 ಮಾದರಿ ಅಲ್ವಾ? ಹಾಗಾದರೆ 30-30." ಅಲ್ಲ. ನನ್ನದು 32-40, ಅದು ಬೇರೆಯೇ ತೋಟಾ. ಈಗ ಅದರ ಚೇಂಬರಿನ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗದ, ಅಚ್ಚು ನನ್ನ ಮೇಜಿನ ಮೇಲಿದೆ, ಯಾರು ಬೇಕಾದರೂ ಅಳೆಯಬಹುದು.

ಪೆನ್ಸಿಲ್ವೇನಿಯಾದ ಒಂದು ಹರಾಜಿನಲ್ಲಿ ಸುಮಾರು 700 ಡಾಲರ್ ಕೊಟ್ಟು ತಂದ ರೈಫಲ್ ಇದು. 26 ಇಂಚಿನ ಎಂಟು ಮುಖದ ನಳಿಗೆ. ಹಿಂದಿನ ಯಾರೋ ಚೆನ್ನಾಗಿ ಪಾಲಿಶ್ ಮಾಡಿಸಿ, ನಳಿಗೆ ಮೇಲಿನ ಅಕ್ಷರಗಳನ್ನೆಲ್ಲ ತಿಂದು ಹಾಕಿಸಿದ್ದರು. ಹೊಗೆರಹಿತ ಮದ್ದಿನ ನಳಿಗೆಗಳಿಗೆ ಹಾಕುತ್ತಿದ್ದ 'ನಿಕಲ್ ಸ್ಟೀಲ್' ಗುರುತು ಇತ್ತೋ ಇಲ್ಲವೋ, ಅದರಿಂದ ತೀರ್ಮಾನ ಮಾಡುವಂತಿರಲಿಲ್ಲ. ಕೊಡಗಿನ ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಅಂಥ ಮನೆಯಲ್ಲಿ ಬೆಳೆದವನಿಗೆ ಇದನ್ನು ನೋಡಿ ಹೊಟ್ಟೆ ಉರಿಯಿತು.

30-30 ರ ಮದ್ದಿಲ್ಲದ ಡಮ್ಮಿ ತೋಟಾ ಹಾಕಿದರೆ ಮುಕ್ಕಾಲು ಇಂಚಿಗೂ ಜಾಸ್ತಿ ಹೊರಗೇ ಉಳಿಯಿತು. ಊರಿನ ಬಂದೂಕು ರಿಪೇರಿಯವರು, ಒಳಗೆ ಹಳೇ ತೋಟಾದ ತುಂಡು ಸಿಕ್ಕಿಕೊಂಡಿದೆ, ರೀಮರ್ (ಒಳಗೆ ಕೊರೆಯುವ ಉಪಕರಣ) ಹಾಕಿ ತೆಗೆಯೋಣ ಅಂದರು. ನಾನು ಒಪ್ಪಲಿಲ್ಲ. ಒಪ್ಪಿದ್ದರೆ ನೂರು ವರ್ಷ ದಾಟಿದ ಚೇಂಬರ್ ಅವತ್ತೇ ಹಾಳಾಗುತ್ತಿತ್ತು.

ಮೊದಲು ಮೀನು ಹಿಡಿಯುವ ಸೀಸದ ಗುಂಡು ತಂದು ನಳಿಗೆಯೊಳಗೆ ಬಡಿದು ತಳ್ಳಿ ಹೊರಗೆ ತೆಗೆದು, ಅದರ ಅಗಲ ಅಳೆದೆ. 0.321 ಇಂಚು ಬಂತು. 30-30 ಆಗಿದ್ದರೆ 0.308 ರ ಆಸುಪಾಸು ಇರಬೇಕು. ರಿಪೇರಿಯವರು "ಸವೆದಿದೆ" ಅಂದರು. ಆಮೇಲೆ ಕಡ್ಡಿಗೆ ಬಿಗಿಯಾದ ಬಟ್ಟೆ ಸುತ್ತಿ, ಗುರುತು ಹಾಕಿ ಒಳಗೆ ತಳ್ಳಿದೆ. ನಳಿಗೆಯೊಳಗಿನ ಸುರುಳಿ ಗೀರುಗಳ ಜೊತೆ ಕಡ್ಡಿಯೂ ತಿರುಗುತ್ತದೆ: 16 ಇಂಚಿಗೆ ಒಂದು ಸುತ್ತು. 30-30 ಗೆ 12 ಇಂಚು. ಸವೆದರೆ ನಳಿಗೆ ಅಗಲ ಆಗಬಹುದು, ಸುತ್ತು ಬದಲಾಗುವುದಿಲ್ಲ ಅಲ್ವಾ?

ಆದರೆ 32 ಸ್ಪೆಷಲ್ ಅನ್ನುವ ಇನ್ನೊಂದು ತೋಟಾಕ್ಕೂ ಅದೇ 16, ಅದೇ 0.321. ಅದಕ್ಕೆ ಭುಜ ಇದೆ, ಅಂದರೆ ಬಾಯಿಯ ಕಡೆ ಒಮ್ಮೆಲೇ ಕಿರಿದಾಗುತ್ತದೆ. 32-40 ಬುಡದಿಂದ ಬಾಯಿಯವರೆಗೆ ಒಂದೇ ಇಳಿಜಾರು. ಆದ್ದರಿಂದ ಚೇಂಬರಿನ ಅಚ್ಚು ತೆಗೆಯದೆ ಬೇರೆ ದಾರಿ ಇರಲಿಲ್ಲ.

ಮೊದಲು ಗಂಧಕ ಕರಗಿಸಿ ಸುರಿದೆ. ಮೂರು ತುಂಡಾಗಿ ಬಂತು. ಮೇಣದ್ದು ಕುಗ್ಗಿ ಹೋಯಿತು, ಅಳತೆಗೆ ಬರಲಿಲ್ಲ. ಕೊನೆಗೆ ಸೆರೋಸೇಫ್ ಅನ್ನುವ, ಕಡಿಮೆ ಬಿಸಿಗೇ ಕರಗುವ ಅಚ್ಚಿನ ಲೋಹ ತರಿಸಿದೆ, ಅರ್ಧ ಪೌಂಡಿಗೆ 40 ಡಾಲರ್ ಚಿಲ್ಲರೆ. ಮೊದಲ ಸಲ ತಣ್ಣಗಿದ್ದ ಉಕ್ಕಿಗೆ ಸುರಿದೆ, ಅರ್ಧದಲ್ಲೇ ಗಟ್ಟಿಯಾಗಿ ಮಡಿಕೆ ಬಿತ್ತು. ಒಂದಿಷ್ಟು ಲಿವರ್ ಸಂದಿಗೂ ಹೋಯಿತು. ಪುಣ್ಯಕ್ಕೆ 88 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಪೂರ್ತಿ ಕರಗುತ್ತದೆ, ಕುದಿಯುವ ನೀರಲ್ಲೇ ಬಿಟ್ಟುಕೊಂಡಿತು. ಎರಡನೇ ಸಲ ಹೇರ್ ಡ್ರೈಯರ್‌ನಿಂದ ನಳಿಗೆ ಬಿಸಿ ಮಾಡಿಕೊಂಡೆ. ಅಚ್ಚು ಚೆನ್ನಾಗಿ ಬಂತು, ಆದರೆ ಅವಸರಪಟ್ಟು ಇಪ್ಪತ್ತು ನಿಮಿಷಕ್ಕೇ ಅಳೆದೆ. ಇದು ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಸುಮಾರು ಒಂದು ಗಂಟೆಗೆ ಸರಿ ಅಳತೆಗೆ ಮರಳುತ್ತದೆ. ಮೂರನೇ ಸಲ ಗಡಿಯಾರ ಇಟ್ಟುಕೊಂಡು ಕೂತೆ. ಬುಡ 0.424, ಬಾಯಿ 0.339, ಭುಜ ಇಲ್ಲ: 32-40 ರ ಅಳತೆಯೇ. ಒಳಗೆ ಯಾವ ತುಂಡೂ ಇಲ್ಲ.

ಲೋಹ ಮುಂದಕ್ಕೆ ಹರಿಯದಂತೆ ಚೇಂಬರಿನ ಮುಂದೆ ಇಟ್ಟ ಬೆಣೆ ಯಾವುದರದ್ದು, ಸುರಿಯುವ ಮುಂಚೆ ಏನು ಸವರಿದೆ, ಇವೆರಡನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ವಿಂಚೆಸ್ಟರ್ ಕಾರ್ಖಾನೆಯ ಹಳೇ ದಾಖಲೆಗಳಿರುವ ವಯೋಮಿಂಗ್‌ನ ಕೋಡಿ ಮ್ಯೂಸಿಯಂಗೆ ಯಾಕೆ ಬರೆಯಲಿಲ್ಲ ಅಂತ ಕೇಳಿದವರಿದ್ದಾರೆ. ಆ ದಾಖಲೆ ಹೇಳುವುದು ಕಾರ್ಖಾನೆ ಬಿಟ್ಟಾಗ ಹೇಗಿತ್ತು ಅನ್ನುವುದನ್ನು. ಆಮೇಲೆ ಯಾರು ಎಲ್ಲಿ ಏನು ಕೊರೆದರು ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಕೈ ಕುದುರಿದ ಮೇಲೆ ಗೆಳೆಯನ 1892 ಮಾದರಿಯ ವಿಂಚೆಸ್ಟರ್ ಕೂಡ ನೋಡಿದೆ. 38-40 ಅಂತ ಬರೆದಿದೆ, ಒಳಗಿನಿಂದ ಬಂದ ಸೀಸ 0.401! ಹೆಸರಿನ 38 ನಂಬಿ ಗುಂಡು ತಂದರೆ ಕೆಲಸಕ್ಕೆ ಬರುವುದಿಲ್ಲ. ಇನ್ನೊಬ್ಬರ ಹ್ಯಾಮರ್ ಇಲ್ಲದ, ಸ್ಯಾವೇಜ್ ಕಂಪನಿಯ 1899 ಮಾದರಿಯ ರೈಫಲ್‌ನಲ್ಲಿ 303 ಅಂತಿತ್ತು. ನಮ್ಮ ಕಡೆ ತ್ರೀ ನಾಟ್ ತ್ರೀ ಅಂದರೆ ಪೊಲೀಸರ ಹಳೇ ರೈಫಲ್. ಇದು ಅದಲ್ಲ. 303 ಸ್ಯಾವೇಜ್ ಬೇರೆಯೇ, ಗಿಡ್ಡ ತೋಟಾ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ.

32-40 ತೋಟಾ ಅಂಗಡಿಯಲ್ಲಿ ಸಿಗಲಿಲ್ಲ. 30-30 ರ ಖಾಲಿ ತೋಟಾಗಳನ್ನೇ ಹಿಗ್ಗಿಸಿ ಮಾಡಿಕೊಂಡೆ. ಸ್ವಲ್ಪ ಗಿಡ್ಡ ಬರುತ್ತವೆ, ಆದರೂ ನಡೆಯುತ್ತವೆ. 165 ಗ್ರೇನ್ ಸೀಸದ ಗುಂಡು, ಹಗುರ ಮದ್ದು. ಹೋದ ಭಾನುವಾರ 50 ಗಜದಲ್ಲಿ ಐದು ಹೊಡೆದೆ. ಐದೂ ಎರಡು ಇಂಚಿನೊಳಗೆ ಬಿದ್ದವು. ರೀಮರ್ ಹಾಕೋಣ ಅಂದವರು ಪಕ್ಕದ ಬೆಂಚಿನಲ್ಲೇ ಇದ್ದರು. ಎದ್ದು ಬಂದು ಅಚ್ಚು ಕೈಗೆ ತೆಗೆದುಕೊಂಡು, ಅವರದೇ ವರ್ನಿಯರ್‌ನಲ್ಲಿ ಎರಡು ಸಲ ಅಳೆದರು.