ಆ ಹುಡುಗನ ನಂಬರ್ 82

ಕೊರೊನಾದಿಂದ ದೇಶದಲ್ಲಿ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರು, 2020ರ ಮಾರ್ಚ್‌ನಲ್ಲಿ. ಹಾಗಾಗಿ ಲಾಕ್‌ಡೌನ್‌ಗೆ ಮೊದಲೇ ಇಲ್ಲಿ ಅಂಜಿಕೆ ಮನೆಮನೆ ಹೊಕ್ಕಿತ್ತು. ಮಕ್ಕಳ ಡಾಕ್ಟರಾದ ನನಗೆ ಬೇರೆಯದೇ ಚಿಂತೆ. ಬಹಳಷ್ಟು ಮಕ್ಕಳಿಗೆ ಈ ಜ್ವರ ಬಂದದ್ದೂ ಗೊತ್ತಾಗದೆ ಹೋಗುತ್ತದೆ, ಸರಿ. ಆದರೆ ಹುಟ್ಟಿನಿಂದಲೇ ಹೃದಯ ಕೆಟ್ಟವರು, ಪುಪ್ಪುಸ ಸೋತವರು?

ಎರಡನೇ ಅಲೆಯಲ್ಲಿ ಹಳ್ಳಿಗಳಿಗೂ ಆಕ್ಸಿಮೀಟರ್ ಬಂತು, ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಮಶೀನ್. ಫೋನ್ ಮಾಡಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: 94ಕ್ಕಿಂತ ಕೆಳಗಿಳಿದರೆ ತಡಮಾಡಬೇಡಿ. ಒಂದು ರಾತ್ರಿ ಅಫಜಲಪುರದ ಕಡೆಯಿಂದ ಒಬ್ಬ ತಾಯಿಯ ಫೋನ್. "ಮೇಡಮ್ಮರ, ಮಶೀನ್ ಎಂಬತ್ತೆರಡು ತೋರಸ್ಲಾಕತ್ತದ್ರೀ. ಖರೇ ಅಂದ್ರ ಕೂಸು ಆಡ್ಲಾಕತ್ತದ, ಊಟಾನೂ ಮಾಡ್ಯಾದ." ಕೂಡಲೇ ಹೊರಡಿ ಅಂದೆ. ದುಪ್ಪಟ್ಟು ಬಾಡಿಗೆ ಕೊಟ್ಟು ಗಾಡಿ ಮಾಡಿಕೊಂಡು ಬಂದರು. ಫೈಲ್ ತೆಗೆದರೆ ನನ್ನದೇ ಕೈಬರಹ: ಟೆಟ್ರಾಲಜಿ (ಹುಟ್ಟಿನಿಂದ ಬರುವ ಹೃದಯದ ದೋಷ), ಮಾಮೂಲಿ ಸ್ಯಾಚುರೇಷನ್, ಅಂದರೆ ರಕ್ತದ ಆಮ್ಲಜನಕ, 82. ಆ ಮಗುವಿನ ಹೃದಯದಲ್ಲಿ ಕೆಟ್ಟ ರಕ್ತ, ಒಳ್ಳೆ ರಕ್ತ ಕೂಡುತ್ತವೆ, ತುಟಿ ಸದಾ ನೀಲಿ. ಅವನು 94 ಕಂಡದ್ದೇ ಇಲ್ಲ. ಕೊರೊನಾ ಇಲ್ಲದ ಹುಡುಗನನ್ನು ಕೊರೊನಾ ವಾರ್ಡಿನ ಬಾಗಿಲ ತನಕ ಎಳೆತಂದವಳು ನಾನೇ.

ಮಾರನೇ ದಿನದಿಂದ ಇಂಥ ಪ್ರತಿ ಮಗುವಿಗೂ ಒಂದು ಚೀಟಿ ಬರೆದುಕೊಟ್ಟೆ. ಆರಾಮಿದ್ದಾಗ ಬೆಚ್ಚಗಿನ ಬೆರಳಿಗೆ ಹಾಕಿ, ಕೈ ಅಲುಗಿಸದೆ ಒಂದು ನಿಮಿಷ ಇಟ್ಟರೆ ಬರುವ ಅವರದೇ ನಂಬರ್. ಅದಕ್ಕಿಂತ ಐದಾರು ಇಳಿದರೆ, ಉಣ್ಣುವುದು ಬಿಟ್ಟರೆ, ಪಕ್ಕೆ ಒಳಕ್ಕೆ ಸೆಳೆದರೆ ಬರಬೇಕು. ನೀಲಿ ಮಕ್ಕಳು ಅಳುತ್ತಾ ಇನ್ನೂ ಕಪ್ಪಿಟ್ಟರೆ ಮೊಣಕಾಲನ್ನು ಎದೆಗೆ ಒತ್ತಿ ಹಿಡಿದು, ಹಾಗೇ ಕರೆತರಬೇಕು. ಇವರ ರಕ್ತ ಮೊದಲೇ ಮಂದ, ನಮ್ಮ ಮೇ ತಿಂಗಳ ಬಿಸಿಲಲ್ಲಿ ಜ್ವರವೋ ಭೇದಿಯೋ ಬಂದರೆ ನೀರು ಕುಡಿಸುವುದೇ ಔಷಧಿ. ಹೃದಯ ಸೋತು ಉಚ್ಚೆ ಮಾತ್ರೆ ತಿನ್ನುವ ಮಗುವಿಗೆ ಈ ಮಾತು ಹೇಳುವಂತಿಲ್ಲ, ಅದಕ್ಕೆ ನೀರೂ ಅಳತೆಯಲ್ಲೇ.

ದಮ್ಮಿನ ಮಕ್ಕಳ ಕಥೆ ಬೇರೆ. ಹತೋಟಿಯಲ್ಲಿರುವ ದಮ್ಮಿಗೆ ಕೊರೊನಾದ ಭಯ ಅಷ್ಟಿಲ್ಲ. ಔಷಧಿ ಒಳಗೆಳೆದುಕೊಳ್ಳುವ ಪಂಪ್ (ಇನ್‌ಹೇಲರ್) ಬಿಟ್ಟವರಿಗೇ ಕಷ್ಟ. "ಪಂಪಿನ ಚಟಾ ಹತ್ತತದ" ಎಂದು ಅಜ್ಜಿಯರು ತೆಗೆದಿಟ್ಟಿರುತ್ತಾರೆ. ತೊಗರಿ ರಾಶಿಯ ಹೊತ್ತಿಗೆ ಧೂಳಿಗೆ ಕೆಮ್ಮು ಏರಿದರೆ ಊರೆಲ್ಲ ಕೊರೊನಾ ಎಂದು ದೂರ ನಿಲ್ಲುತ್ತಿತ್ತು. ಔಷಧಿಯನ್ನು ಮಂಜಿನಂತೆ ಬಿಡುವ ನೆಬ್ಯುಲೈಸರ್ ಹಚ್ಚಿದರೆ ವೈರಸ್ಸು ಕೋಣೆಯೆಲ್ಲ ಹರಡುವ ಹೆದರಿಕೆ, ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಸ್ಪೇಸರ್ ಕೊಳ್ಳಲು ದುಡ್ಡಿಲ್ಲ. ಅದರ ಬದಲಿಗೆ ಅರ್ಧ ಲೀಟರಿನ ನೀರಿನ ಬಾಟಲಿ ತಗೊಂಡೆ. ತಂತಿ ಕಾಯಿಸಿ, ಪಂಪಿನ ಬಾಯಿಯಷ್ಟೇ ತೂತನ್ನು ತಳಕ್ಕೆ ಕೊರೆದು, ಸಂದು ಬಿಡದಂತೆ ಟೇಪು ಸುತ್ತಿದೆ. ಮಗುವಿನ ಬಾಯಿ ಬಾಟಲಿಯ ಬಾಯಿಗೆ. ಸಾಬೂನು ನೀರಲ್ಲಿ ಅದ್ದಿ, ಒರೆಸದೆ ಹಾಗೇ ಒಣಗಿಸಬೇಕು; ಬಟ್ಟೆಯಿಂದ ಉಜ್ಜಿದರೆ ಔಷಧಿ ಪ್ಲಾಸ್ಟಿಕ್ಕಿಗೇ ಅಂಟಿ ಕೂರುತ್ತದೆ. ಮೊದಲ ಮೂರು ಬಾಟಲಿ ಸೊಟ್ಟಗೆ ಕರಗಿ ಹಾಳಾದವು.

ಲಸಿಕೆ 12 ದಾಟಿದವರಿಗೆ ಬಂದದ್ದೇ 2022ರ ಮಾರ್ಚ್‌ನಲ್ಲಿ. ಸಣ್ಣವರಿಗೆ ಇರಲಿಲ್ಲವಾದ್ದರಿಂದ ಮನೆಯ ದೊಡ್ಡವರಿಗೆಲ್ಲ ಹಾಕಿಸಿ ಎಂದು ಗಂಟು ಬಿದ್ದೆ.

ಅಫಜಲಪುರದ ಹುಡುಗನಿಗೆ ಆಮೇಲೆ ಆಪರೇಷನ್ ಆಯಿತು. ಚೀಟಿ ಮಡಚಿ ಮಡಚಿ ಹರಿದಿತ್ತು. 82 ಹೊಡೆದುಹಾಕಿ 98 ಬರೆದುಕೊಟ್ಟೆ. "ಈಗ ತೊಂಬತ್ನಾಕರ ಕೆಳಗಿಳಿದ್ರ ಬರ್ಬೇಕಲ್ರೀ?" ಎಂದು ಅವನವ್ವ ನಕ್ಕಳು.