ಫುಟ್‌ಬಾಲ್ ಮ್ಯಾನೇಜರ್‌ಗೆ ಸನ್ಮಾನದ ಔತಣ: ಗಡಿಯಾರ ನೋಡಿಕೊಂಡು ನಡೆಸುವ ಬಗೆ

ಬ್ರಿಟನ್ನಿನ ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರು ಮಾಡಿದ ಮ್ಯಾನೇಜರ್‌ಗೆ, ಅಂದರೆ ತಂಡ ಆರಿಸಿ ಆಡಿಸುವ ಮುಖ್ಯ ತರಬೇತುದಾರರಿಗೆ, ಔತಣ ಕೊಟ್ಟು ಗೌರವಿಸುವುದು ಹಳೆಯ ರೂಢಿ. ಇಂಥ ರಾತ್ರಿ ಊಟದಿಂದ ಕೆಡುವುದು ಕಡಿಮೆ, ಹೊತ್ತು ತಪ್ಪಿ ಕೆಡುವುದೇ ಹೆಚ್ಚು. ಊಟ ಮುಕ್ಕಾಲು ಗಂಟೆ ತಡವಾಗುತ್ತದೆ. ನಾಲ್ಕು ನಿಮಿಷ ಮಾತಾಡಬೇಕಾದ ಪ್ರಾಯೋಜಕರು ಹದಿನೈದು ನಿಮಿಷ ನುಂಗುತ್ತಾರೆ. ಹರಾಜು ಎಳೆಯುತ್ತಲೇ ಹೋಗುತ್ತದೆ. ಯಾರಿಗಾಗಿ ಎಲ್ಲರೂ ಬಂದರೋ ಅವರ ಕೈಗೆ ಮೈಕ್ ಬರುವಾಗ ಹನ್ನೊಂದು ಗಂಟೆ. ಅರ್ಧ ಸಭೆ ಎದ್ದು ಕೋಟು ಹುಡುಕುತ್ತಿರುತ್ತದೆ. ಮುಂದಿನ ಲೆಕ್ಕವೆಲ್ಲ 300 ಜನರ, ಟಿಕೆಟ್ ಇಟ್ಟು ನಡೆಸುವ ಔತಣದ್ದು.

ಮೊದಲು ಅವರನ್ನೇ ಕೇಳಿ

ಹೋಟೆಲ್ ಗೊತ್ತುಮಾಡುವ ಮುಂಚೆ ಮ್ಯಾನೇಜರ್ ಮತ್ತು ಅವರ ಮನೆಯವರ ಜೊತೆ ಒಂದು ಗಂಟೆ ಕೂತು ಮೂರು ವಿಷಯ ಬರೆದುಕೊಳ್ಳಿ: ಯಾರು ಬರಲೇಬೇಕು, ಯಾರು ಬಂದರೆ ಮುಜುಗರ, ಉಳಿದ ಹಣ ಯಾವ ಸೇವಾಸಂಸ್ಥೆಗೆ ಹೋಗಬೇಕು. ಎರಡನೆಯ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ. ಮ್ಯಾನೇಜರ್ ಬ್ರಯನ್ ಕ್ಲಫ್ ಮತ್ತು ಅವರ ಸಹಾಯಕ ಪೀಟರ್ ಟೇಲರ್ ಸೇರಿ ಡರ್ಬಿ ಕೌಂಟಿಗೆ 1972ರಲ್ಲಿ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 1978ರಲ್ಲಿ ಲೀಗ್ ಪ್ರಶಸ್ತಿ ತಂದುಕೊಟ್ಟವರು. 1983ರಲ್ಲಿ ಆಟಗಾರ ಜಾನ್ ರಾಬರ್ಟ್‌ಸನ್ ವರ್ಗಾವಣೆಯ ವಿಷಯಕ್ಕೆ ಮುನಿದುಕೊಂಡವರು 1990ರಲ್ಲಿ ಟೇಲರ್ ತೀರಿಕೊಳ್ಳುವವರೆಗೂ ಮಾತಾಡಲಿಲ್ಲ. ಹೊರಗಿನವರ ಕಣ್ಣಿಗೆ ಜೋಡೆತ್ತು ಅನ್ನಿಸಿದ್ದು ಮನೆಯವರ ಕಣ್ಣಿಗೆ ಬೇರೆಯೇ ಇರಬಹುದು.

ಅತಿಥಿಗಳ ಪಟ್ಟಿಯನ್ನು ಕಪ್ ಗೆದ್ದ ವರ್ಷಗಳಿಂದ ಶುರುಮಾಡಬೇಡಿ, ಮೊದಲ ಕೆಲಸದಿಂದ ಶುರುಮಾಡಿ. ಕ್ಲಫ್ ಮ್ಯಾನೇಜರ್ ಆಗಿ ಕಾಲಿಟ್ಟದ್ದು 1965ರಲ್ಲಿ, ಹಾರ್ಟಲ್‌ಪೂಲ್ಸ್‌ನಲ್ಲಿ. ಅಲೆಕ್ಸ್ ಫರ್ಗುಸನ್ 1974ರಲ್ಲಿ ಈಸ್ಟ್ ಸ್ಟರ್ಲಿಂಗ್‌ಶೈರ್‌ನಲ್ಲಿ, ಬಿಲ್ ಶ್ಯಾಂಕ್ಲಿ 1949ರಲ್ಲಿ ಕಾರ್ಲೈಲ್‌ನಲ್ಲಿ. ಅಂಥ ಪುಟ್ಟ ಕ್ಲಬ್‌ನ ನಾಲ್ಕು ಹಳೆಯ ಮುಖಗಳನ್ನು ಕರೆಸಿದರೆ ಮ್ಯಾನೇಜರ್ ಮುಖ ಅರಳುವಷ್ಟು ಬೇರೆ ಯಾವುದಕ್ಕೂ ಅರಳದು. ಕಿಟ್‌ಮ್ಯಾನ್ (ಆಟದ ಉಡುಪು, ಸಾಮಾನು ನೋಡಿಕೊಳ್ಳುವವರು), ಬಟ್ಟೆ ಒಗೆಯುತ್ತಿದ್ದವರು, ಕ್ಲಬ್ ಕಚೇರಿಯ ಕಾರ್ಯದರ್ಶಿ ಇವರೆಲ್ಲ ಟಿಕೆಟ್ ಕೊಂಡು ಬರುವವರಲ್ಲ. ಅವರ ಕುರ್ಚಿಗಳನ್ನು ಮೊದಲೇ ಎಣಿಸಿ ತೆಗೆದಿಡಿ.

ದಿನ ಗೊತ್ತುಮಾಡುವುದು

ಒಂಬತ್ತರಿಂದ ಹನ್ನೆರಡು ತಿಂಗಳ ಮುಂಚೆ ದಿನ ಹಿಡಿಯಬೇಕು. ಮಂಗಳವಾರ, ಬುಧವಾರ, ಗುರುವಾರ ಯುರೋಪಿಯನ್ ಪಂದ್ಯಗಳಿರುತ್ತವೆ. ವಾರಾಂತ್ಯ ಲೀಗ್‌ನದು. ಹಳೆಯ ಆಟಗಾರರಿಗೆ ಬಿಡುವಿರುತ್ತದೆ ಎಂದು ಹಲವರು ಎಣಿಸುತ್ತಾರೆ, ಆದರೆ ಹೆಸರಾಂತರಲ್ಲಿ ಬಹಳಷ್ಟು ಮಂದಿ ಈಗ ಟಿವಿ ಸ್ಟುಡಿಯೊಗಳಲ್ಲಿ ಕೂತು ಪಂದ್ಯ ವಿಶ್ಲೇಷಿಸುವವರು. ಪಂದ್ಯವಿದ್ದ ದಿನ ಅವರಿಗೂ ಕೆಲಸ. ವಿಶ್ವಕಪ್ ಅಥವಾ ಯೂರೊ (ಯುರೋಪಿನ ರಾಷ್ಟ್ರೀಯ ತಂಡಗಳ ಪಂದ್ಯಾವಳಿ) ಇರುವ ವರ್ಷ ಜೂನ್, ಜುಲೈ ಎರಡನ್ನೂ ಮರೆತುಬಿಡಿ. ರಾಷ್ಟ್ರೀಯ ತಂಡಗಳ ಪಂದ್ಯಗಳಿಗೆಂದು ಲೀಗ್ ನಿಲ್ಲುವ ವಾರ ಕ್ಲಬ್ ಮ್ಯಾನೇಜರ್‌ಗಳು ಸ್ವಲ್ಪ ಉಸಿರಾಡುತ್ತಾರೆ. ಆ ವಾರದ ಸೋಮವಾರವೋ ಶುಕ್ರವಾರವೋ ಒಳ್ಳೆಯ ದಿನ. ರಾಷ್ಟ್ರೀಯ ತಂಡದಲ್ಲಿರುವ ಈಗಿನ ಆಟಗಾರರು ಮಾತ್ರ ಆಗ ಬರಲಾರರು.

ದುಡ್ಡಿನ ಲೆಕ್ಕ ತಪ್ಪುವ ಜಾಗ

300 ಕುರ್ಚಿ ಇದ್ದರೆ 300 ಟಿಕೆಟ್ ಎಂದು ಭಾಗಿಸುವುದೇ ಮೊದಲ ತಪ್ಪು. ಮ್ಯಾನೇಜರ್ ಕುಟುಂಬ, ಹಳೆಯ ಆಟಗಾರರು, ಭಾಷಣಕಾರರು, ನಿರೂಪಕರು ಸೇರಿ 40 ಕುರ್ಚಿ ಬಿಟ್ಟಿಯಾಗಿ ಹೋಗುತ್ತವೆ. ಒಂದು ಉದಾಹರಣೆ ನೋಡಿ. ತಲೆಗೆ 70 ಪೌಂಡ್ ಊಟ ಎಂದರೆ 21,000. ಧ್ವನಿ, ಬೆಳಕು, ಮುದ್ರಣ, ಪ್ರಯಾಣ, ವಿಮೆಗೆಂದು 6,000. ಒಟ್ಟು 27,000 ಪೌಂಡ್. 300ರಿಂದ ಭಾಗಿಸಿ 90 ಪೌಂಡ್ ಟಿಕೆಟ್ ಇಟ್ಟರೆ ಹಣ ಕೊಡುವ 260 ಜನರಿಂದ ಬರುವುದು 23,400, ಅಂದರೆ 3,600 ಪೌಂಡ್ ಕೈಯಿಂದ ಹೋಯಿತು. ಅಸಲು ಹುಟ್ಟುವುದು 104 ಪೌಂಡ್‌ಗೆ. ಹೋಟೆಲ್ ಕೊಟ್ಟ ದರದಲ್ಲಿ 20 ಶೇಕಡಾ ವ್ಯಾಟ್ ಸೇರಿದೆಯೋ ಇಲ್ಲವೋ ಬರಹದಲ್ಲಿ ಕೇಳಿ ಪಡೆಯಿರಿ. ಹರಾಜಿನ ಹಣ ಬರುತ್ತದಲ್ಲ ಎಂದು ಊಟದ ಖರ್ಚನ್ನು ಅದರ ಮೇಲೆ ಹೇರಬಾರದು. ಅದು ಸೇವಾಸಂಸ್ಥೆಗೆಂದು ಹೇಳಿ ಎತ್ತುವ ಹಣ.

ಕ್ಲಬ್‌ನ ತಾಲೀಮು ಮೈದಾನದಲ್ಲೋ ಶಾಲೆಯ ಸಭಾಂಗಣದಲ್ಲೋ ಮಾಡುವುದಾದರೆ ಮದ್ಯ ಮಾರಲು ಪ್ರತ್ಯೇಕ ಅನುಮತಿ ಬೇಕಾಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾತ್ಕಾಲಿಕ ಕಾರ್ಯಕ್ರಮದ ನೋಟಿಸನ್ನು ಸ್ಥಳೀಯ ಕೌನ್ಸಿಲ್‌ಗೆ ಕನಿಷ್ಠ ಹತ್ತು ಕೆಲಸದ ದಿನ ಮುಂಚೆ ಕೊಡಬೇಕು. ಕೆಲಸದವರೂ ಸೇರಿ ಏಕಕಾಲಕ್ಕೆ 499 ಜನರಿಗೆ ಮಾತ್ರ ಅದು ಸಲ್ಲುತ್ತದೆ.

ಕೂರಿಸುವುದು

ಆರಡಿ ದುಂಡು ಟೇಬಲ್‌ಗೆ ಹತ್ತು ಜನ, ಐದಡಿಯದಕ್ಕೆ ಎಂಟು. ಐದಡಿಗೆ ಹತ್ತು ಜನರನ್ನು ತುರುಕಿದರೆ ಬಡಿಸುವವರ ಕೈ ಒಳಗೆ ಹೋಗದು, ಊಟ ತಡವಾಗುತ್ತದೆ. ಟೇಬಲ್ ಅಂಚಿನಿಂದ ಟೇಬಲ್ ಅಂಚಿಗೆ ಒಂದೂವರೆ ಮೀಟರ್ ಬಿಡಿ. ವೇದಿಕೆಯ ಮುಂದೆ ಉದ್ದನೆಯ ಮುಖ್ಯ ಟೇಬಲ್ ಹಾಕುವ ಹಳೆಯ ಪದ್ಧತಿ ಬೇಡ. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತಾಗ ಮ್ಯಾನೇಜರ್‌ಗೆ ಎಡಬಲದ ಇಬ್ಬರನ್ನು ಬಿಟ್ಟರೆ ಮಾತಿಗೆ ಯಾರೂ ಸಿಗುವುದಿಲ್ಲ. ಅವರು ತಿನ್ನುವುದನ್ನು 300 ಜನ ನೋಡುತ್ತಿರುತ್ತಾರೆ. ನಡುವಿನ ಮೊದಲ ದುಂಡು ಟೇಬಲ್‌ನಲ್ಲಿ ಕುಟುಂಬದ ಜೊತೆ, ವೇದಿಕೆ ಕಾಣುವಂತೆ ಕೂರಿಸಿ.

ಟೇಬಲ್‌ಗಳಿಗೆ ಸಂಖ್ಯೆ ಬದಲು ಪಂದ್ಯಗಳ ಹೆಸರಿಟ್ಟರೆ ‘ನಮಗೆ ಯಾಕೆ 27ನೇ ಟೇಬಲ್’ ಎಂಬ ಗೊಣಗಾಟ ತಪ್ಪುತ್ತದೆ. ಆದರೆ ಹೆಸರು ತೂಗಿ ಇಡಬೇಕು. ಫಾರೆಸ್ಟ್ ಮಂದಿಗೆ ಮ್ಯೂನಿಕ್ ಎಂದರೆ 1979ರ ಮೊದಲ ಯುರೋಪಿಯನ್ ಕಪ್. ಮ್ಯಾಂಚೆಸ್ಟರ್ ಯುನೈಟೆಡ್ ಮಂದಿಗೆ ಅದೇ ಊರು 1958ರ ಫೆಬ್ರವರಿ 6ರ ವಿಮಾನ ದುರಂತ, 23 ಸಾವು. ಯುನೈಟೆಡ್‌ನವರ ಔತಣದಲ್ಲಿ ಆ ಹೆಸರು ಟೇಬಲ್ ಮೇಲಿನ ಚೀಟಿಯಲ್ಲಿ ಇರಕೂಡದು. ನೆನೆಯುವುದಾದರೆ ಎದ್ದು ನಿಂತು ಮೌನದಲ್ಲಿ ನೆನೆಯಿರಿ.

ಊಟ

ಬಫೆ ಬೇಡ, ಸಾಲು ನಿಂತಲ್ಲೇ ನಲವತ್ತು ನಿಮಿಷ ಹೋಗುತ್ತದೆ. ತಟ್ಟೆಗೆ ಬಡಿಸುವ ಮೂರು ಸುತ್ತಿನ ಊಟ ಸಾಕು. ಮುಖ್ಯ ಸುತ್ತಿಗೆ ನಿಧಾನಕ್ಕೆ ಬೆಂದ ಕುರಿ ಭುಜ, ದನದ ಪಕ್ಕೆಯಂಥವನ್ನು ಆರಿಸಿ. ಇವು ಇಪ್ಪತ್ತು ನಿಮಿಷ ಬಿಸಿಯಲ್ಲಿಟ್ಟರೂ ಕೆಡವು. ಸ್ಟೇಕ್, ಮೀನು ಕಾಯಲಾರವು. ಕೊನೆಯ ಟೇಬಲ್‌ಗೆ ಹೋಗುವಾಗ ಒಂದು ಚರ್ಮದಂತಾಗಿರುತ್ತದೆ, ಇನ್ನೊಂದು ಒಣಗಿರುತ್ತದೆ. ಹಲಾಲ್, ಕೋಷರ್, ಸಸ್ಯಾಹಾರ, ಅಲರ್ಜಿ ಇವನ್ನು ಟಿಕೆಟ್ ಮಾರುವಾಗಲೇ ಕೇಳಿಕೊಳ್ಳಿ. ಬ್ರಿಟನ್ನಿನ ಕಾನೂನು ಹೆಸರಿಸುವ 14 ಅಲರ್ಜಿಕಾರಕಗಳಲ್ಲಿ ಯಾವುದು ಯಾವ ತಿನಿಸಿನಲ್ಲಿದೆ ಎಂಬುದು ಅಡುಗೆಮನೆಯವರಿಗೆ ಗೊತ್ತಿದ್ದರೆ ಸಾಲದು, ಆ ಟೇಬಲ್‌ಗೆ ಬಡಿಸುವವರಿಗೂ ಗೊತ್ತಿರಬೇಕು.

ಹೊತ್ತಿನ ಪಟ್ಟಿ

6.15 – ಪಕ್ಕದ ಕೋಣೆಯಲ್ಲಿ ಪ್ರಾಯೋಜಕರ ಜೊತೆ ಮ್ಯಾನೇಜರ್ ಫೋಟೊ, ಅರ್ಧ ಗಂಟೆ
6.30 – ಬಾಗಿಲು ತೆರೆಯುವುದು
7.10 – ಕೂರಲು ಕರೆ
7.30 – ಮ್ಯಾನೇಜರ್ ಪ್ರವೇಶ
7.40 – ಮೊದಲ ಸುತ್ತು
8.10 – ಮುಖ್ಯ ಊಟ
8.50 – ದೃಶ್ಯತುಣುಕು, ಏಳು ನಿಮಿಷ
9.00 – ಸಿಹಿ
9.20 – ಮೂವರ ಮಾತು
9.40 – ಹರಾಜು
10.00 – ಮ್ಯಾನೇಜರ್ ಜೊತೆ ವೇದಿಕೆಯಲ್ಲಿ ಸಂದರ್ಶನ
10.20 – ಕಾಣಿಕೆ, ಅವರ ಎರಡು ಮಾತು
10.30 – ಮುಕ್ತಾಯ

300 ಜನ ಗ್ಲಾಸು ಹಿಡಿದು ಹರಟುತ್ತಿರುವವರು ಕೂರಲು ಇಪ್ಪತ್ತು ನಿಮಿಷ ಬೇಕೇ ಬೇಕು. ‘ಐದು ನಿಮಿಷದಲ್ಲಿ ಕೂರುತ್ತಾರೆ’ ಎಂದು ಬರೆದ ಪಟ್ಟಿ ಅಲ್ಲೇ ಕಾಲು ಗಂಟೆ ಸೋಲುತ್ತದೆ. ಫೋಟೊ ಕೆಲಸವನ್ನು ಮೊದಲೇ ಮುಗಿಸುವುದಕ್ಕೂ ಕಾರಣವಿದೆ. ಟೇಬಲ್‌ನಿಂದ ಟೇಬಲ್‌ಗೆ ಅವರನ್ನು ಸುತ್ತಿಸಿದರೆ ಒಂದಕ್ಕೆ ಒಂದೂವರೆ ನಿಮಿಷದಂತೆ 30 ಟೇಬಲ್‌ಗೆ 45 ನಿಮಿಷ ಆಗುತ್ತದೆ, ಅವರ ತಟ್ಟೆ ಆರಿ ತಣ್ಣಗಾಗಿರುತ್ತದೆ. ಊಟದ ಹೊತ್ತಿನಲ್ಲಿ ಸೆಲ್ಫಿಗೆ ಬರುವವರನ್ನು ನಯವಾಗಿ ತಿರುಗಿಸಿ ಕಳಿಸಲು ಒಬ್ಬರು ಅವರ ಟೇಬಲ್ ಬಳಿ ನಿಂತಿರಲಿ. ಈ ಕೆಲಸಕ್ಕೆ ಅಭಿಮಾನಿಯನ್ನು ನಿಲ್ಲಿಸಬೇಡಿ, ಮೊದಲ ಸೆಲ್ಫಿ ಅವನದೇ ಆಗಿರುತ್ತದೆ.

ಪಟ್ಟಿಯ ಯಜಮಾನ ಒಬ್ಬನೇ ಇರಲಿ, ಅವನು ನಿರೂಪಕ ಆಗದಿರಲಿ. ಅಡುಗೆಮನೆ, ಧ್ವನಿಯವರು, ನಿರೂಪಕ ಮೂವರೂ ಅವನ ಕೈಸನ್ನೆಗೆ ಕಾಯಬೇಕು. ಹದಿನೈದು ನಿಮಿಷ ತಡವಾದರೆ ಏನನ್ನು ಬಿಡುವುದು ಎಂದು ಮೊದಲೇ ಬರೆದಿಡಿ. ಹರಾಜಿನಿಂದ ಎರಡು ವಸ್ತು ಬಿಡಿ, ದೃಶ್ಯತುಣುಕು ಬಿಡಿ. ಮ್ಯಾನೇಜರ್ ಮಾತಿಗೆ ಕೈ ಹಚ್ಚಬೇಡಿ.

ಮಾತು ಮತ್ತು ದೃಶ್ಯ

ಮೂವರು ಸಾಕು, ತಲೆಗೆ ಆರು ನಿಮಿಷ. ಒಬ್ಬರು ಮ್ಯಾನೇಜರ್ ತಂಡದ ನಾಯಕನಾಗಿದ್ದವರು. ಇನ್ನೊಬ್ಬರು ಎದುರಾಳಿ ಮ್ಯಾನೇಜರ್ ಅಥವಾ ಸನ್ಮಾನಿತರೇ ತಂಡದಿಂದ ಹೊರಗಿಟ್ಟಿದ್ದ ಆಟಗಾರ. ನಿಜವಾದ ಮಾತು ಇಲ್ಲಿಂದಲೇ ಬರುತ್ತದೆ. ಮೂರನೆಯವರು ಕಿಟ್‌ಮ್ಯಾನ್‌ನಂಥ ತೆರೆಮರೆಯವರು. ಇಂಗ್ಲಿಷಿನಲ್ಲಿ ಆರು ನಿಮಿಷಕ್ಕೆ 700 ಪದ ಹಿಡಿಯುತ್ತದೆ, ನಗು ಚಪ್ಪಾಳೆ ಬಿಟ್ಟು 600 ಬರೆಸಿ. ಮೂವರ ಬರಹವನ್ನೂ ಒಂದು ವಾರ ಮುಂಚೆ ಒಬ್ಬರೇ ಓದಬೇಕು, ಇಲ್ಲವಾದರೆ ಒಂದೇ ಕಥೆ ಮೂರು ಸಲ ಬರುತ್ತದೆ. ದುಡ್ಡಿಗೆ ಬರುವ ಔತಣ ಭಾಷಣಕಾರರನ್ನು ಕರೆಸುವುದಾದರೆ ಮೊಮ್ಮಕ್ಕಳೂ ಸಭೆಯಲ್ಲಿದ್ದಾರೆ ಎಂದು ಮುಂಚೆಯೇ ತಿಳಿಸಿ. ಅವರ ಮಾಮೂಲು ಜೋಕುಗಳಲ್ಲಿ ಅರ್ಧ ಅಲ್ಲಿಗೇ ಉದುರುತ್ತವೆ.

ಮ್ಯಾನೇಜರ್‌ಗೆ ಭಾಷಣ ಬರೆಯಲು ಹೇಳುವುದಕ್ಕಿಂತ ಕುರ್ಚಿ ಹಾಕಿ ಪ್ರಶ್ನೆ ಕೇಳುವುದು ಮೇಲು. ಎಂಬತ್ತರ ಹರೆಯದಲ್ಲಿ ನಿಂತು ಓದುವುದು ಕಷ್ಟ. ಕೂತು ಹರಟಿದರೆ ಹಳೆಯ ಚುರುಕು ತಾನಾಗಿ ಬರುತ್ತದೆ. ಸೋಲಿನ ಬಗ್ಗೆ ಕೇಳಬಹುದೇ ಎಂದು ಮೊದಲೇ ವಿಚಾರಿಸಿ. ಕ್ಲಫ್ ಲೀಡ್ಸ್ ಕ್ಲಬ್‌ನಲ್ಲಿ ಕೆಲಸ ಕಳೆದುಕೊಳ್ಳುವ ಮುನ್ನ ಕಳೆದ 44 ದಿನಗಳಂಥದ್ದು ಪ್ರತಿಯೊಬ್ಬ ಮ್ಯಾನೇಜರ್ ಬಾಳಿನಲ್ಲೂ ಒಂದಿರುತ್ತದೆ, ಅದನ್ನು ಎತ್ತುವ ಹಕ್ಕು ಅವರದು.

ಪಂದ್ಯದ ದೃಶ್ಯಗಳ ಹಕ್ಕು ಲೀಗ್, ಎಫ್‌ಎ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ), ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಒಕ್ಕೂಟ) ಅಥವಾ ಪ್ರಸಾರಕರ ಬಳಿ ಇರುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡು ತೋರಿಸುವಂತಿಲ್ಲ, ಲಿಖಿತ ಒಪ್ಪಿಗೆಗೆ ಮೂರು ತಿಂಗಳು ಮುಂಚೆಯೇ ಬರೆಯಿರಿ. ಸಿಗದಿದ್ದರೆ ಮನೆಯ ಆಲ್ಬಮ್ಮಿನ ಚಿತ್ರಗಳೇ ಚೆನ್ನ. ಹಳೆಯ ದೃಶ್ಯಗಳನ್ನು ಅಗಲ ಪರದೆಗೆ ಎಳೆದು ಹಿಗ್ಗಿಸಿದರೆ ಆಟಗಾರರೆಲ್ಲ ಗಿಡ್ಡ, ದಪ್ಪ ಕಾಣುತ್ತಾರೆ. ಪಕ್ಕಗಳಲ್ಲಿ ಕಪ್ಪು ಬಿಟ್ಟು ಮೂಲ ಅಳತೆಯಲ್ಲೇ ತೋರಿಸಿ.

ಧ್ವನಿ ಕೆಡುವುದು ಹಿಂದಿನ ಟೇಬಲ್‌ಗಳಲ್ಲಿ. ವೇದಿಕೆಯ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೇ ಜೋರು ಮಾಡಿದರೆ ಮುಂದಿನವರ ಕಿವಿ ಒಡೆಯುತ್ತದೆ, ಹಿಂದಿನವರು ಕೇಳಿಸದೆ ತಮ್ಮ ಮಾತು ಶುರುಮಾಡುತ್ತಾರೆ. ಸಭಾಂಗಣದ ನಡುವೆ ಇನ್ನೊಂದು ಜೋಡಿ ಬೇಕು. ಮಾತಿನ ಹೊತ್ತಿನಲ್ಲಿ ತಟ್ಟೆ ಎತ್ತುವುದನ್ನೂ ಬಾರ್ ವ್ಯಾಪಾರವನ್ನೂ ನಿಲ್ಲಿಸಲು ಹೋಟೆಲ್‌ನವರ ಒಪ್ಪಂದದಲ್ಲೇ ಬರೆಸಿ.

ಹರಾಜು

ಐದು ವಸ್ತು, ತಲಾ ನಾಲ್ಕು ನಿಮಿಷ. ಆರನೆಯದು ಬಂದಾಗ ಸಭೆ ಕೈಬಿಟ್ಟು ಹೋಗುತ್ತದೆ. ಉಳಿದದ್ದನ್ನೆಲ್ಲ, ಕೂಗದೆ ಚೀಟಿಯಲ್ಲಿ ಬೆಲೆ ಬರೆದು ಹಾಕುವ ಮೌನ ಹರಾಜಿಗೆ ಹಾಕಿ. ಹರಾಜಿನ ಜೆರ್ಸಿಗಳ ಮೇಲೆ ಮ್ಯಾನೇಜರ್ ಸಹಿಗಳನ್ನು ಆ ರಾತ್ರಿ ಹಾಕಿಸಲೇಬೇಡಿ. ಕೆಲವು ದಿನ ಮುಂಚೆ ಅವರ ಮನೆಯಲ್ಲೇ, ಒಂದು ಸಲಕ್ಕೆ ಮೂವತ್ತಕ್ಕೆ ಮೀರದಂತೆ ಹಾಕಿಸಿ. ಜೆರ್ಸಿಯೊಳಗೆ ರಟ್ಟು ತೂರಿಸಿ ಬಟ್ಟೆ ಬಿಗಿಯಾದ ಮೇಲೆ ಅಳಿಯದ ಮಾರ್ಕರ್‌ನಲ್ಲಿ, ತಿಳಿಬಣ್ಣದ ಭಾಗದಲ್ಲಿ ಬರೆಸಬೇಕು. ಸಹಿ ಹಾಕುವಾಗಿನ ಫೋಟೊ ಒಂದನ್ನು ಜೊತೆಗಿಟ್ಟರೆ ಕೊಂಡವರಿಗೆ ನಂಬಿಕೆ.

ಸ್ಥಳದಲ್ಲೇ ರಾಫಲ್ (ಬಹುಮಾನದ ಲಾಟರಿ) ಚೀಟಿ ಮಾರಲು ಬ್ರಿಟನ್ನಿನಲ್ಲಿ ಪರವಾನಗಿ ಬೇಡ, ಆದರೆ ಲಾಭವೆಲ್ಲ ಸತ್ಕಾರ್ಯಕ್ಕೇ ಹೋಗಬೇಕು. ಚೀಟಿ ಹಣದಿಂದ ಖರ್ಚಿಗೆ 100 ಪೌಂಡ್, ಬಹುಮಾನಕ್ಕೆ 500 ಪೌಂಡ್ ಮೀರಿ ಮುರಿದುಕೊಳ್ಳುವಂತಿಲ್ಲ. ದಾನವಾಗಿ ಬಂದ ಬಹುಮಾನ ಈ ಮಿತಿಗೆ ಸೇರದು.

ವಯಸ್ಸಾದ ಆಟಗಾರರು

ಗ್ಲಾಸ್ಗೊ ವಿಶ್ವವಿದ್ಯಾಲಯದ 2019ರ ಅಧ್ಯಯನದ ಪ್ರಕಾರ ವೃತ್ತಿಪರ ಫುಟ್‌ಬಾಲ್ ಆಡಿದವರು ಮೆದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು. ಅರವತ್ತು, ಎಪ್ಪತ್ತರ ದಶಕದ ತಂಡವನ್ನು ಕರೆಸಿದರೆ ಅದರಲ್ಲಿ ಮರೆವಿನ ಕಾಯಿಲೆಯವರು ಇದ್ದೇ ಇರುತ್ತಾರೆ ಎಂದುಕೊಂಡೇ ಸಿದ್ಧತೆ ಮಾಡಿ. ಜೊತೆಗೆ ಬರುವವರಿಗೂ ಒಂದು ಕುರ್ಚಿ, ಬಾಗಿಲಿಗೂ ಶೌಚಾಲಯಕ್ಕೂ ಹತ್ತಿರದ ಟೇಬಲ್, ಗದ್ದಲವಿಲ್ಲದ ಒಂದು ಕೋಣೆ ಇರಲಿ. ಎಲ್ಲರ ಎದೆಯ ಮೇಲೂ ದೊಡ್ಡಕ್ಷರದ ಹೆಸರಿರಲಿ, ಒಬ್ಬಿಬ್ಬರಿಗೆ ಮಾತ್ರ ಅಲ್ಲ. ನಿರೂಪಕ ಮೈಕ್ ಹಿಡಿದು ಟೇಬಲ್ ಬಳಿ ಹೋಗಿ ‘ಆ ಗೋಲು ನೆನಪಿದೆಯಾ’ ಎಂದು ಯಾರನ್ನೂ ಕೇಳಬಾರದು. ವೇದಿಕೆಗೆ ಇಳಿಜಾರು ಹಾದಿ, ಹಿಡಿದು ಹತ್ತಲು ಕಂಬಿ ಎರಡೂ ಬೇಕು.

ಮುದ್ರಣಕ್ಕೆ ಮುಂಚೆ

ಅತಿಥಿಗಳಿಗೆ ಕೊಡುವ ಕೈಹೊತ್ತಿಗೆಯ ಅಂಕಿ, ಹೆಸರುಗಳನ್ನು ಹಳೆಯ ಪಂದ್ಯಗಳ ದಾಖಲೆ ಬಲ್ಲ ಇಬ್ಬರು ಬೇರೆಬೇರೆಯಾಗಿ ತಿದ್ದಲಿ. ನೆನಪು ಎಡವುವ ಜಾಗ ಗೊತ್ತಿರುವಂಥದ್ದೇ. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಯುನೈಟೆಡ್ ನಾಯಕ ರಾಯ್ ಕೀನ್ ಎಂದು ಬರೆದುಬಿಡುತ್ತಾರೆ. ಕೀನ್ ಆ ದಿನ ಅಮಾನತಿನಲ್ಲಿದ್ದರು, ನಾಯಕತ್ವ ಪೀಟರ್ ಶ್ಮೈಕಲ್ ಅವರದು. 1983ರ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ, ಗೋಥೆನ್‌ಬರ್ಗ್‌ನಲ್ಲಿ, ಅಬರ್ಡೀನ್ ರಿಯಲ್ ಮ್ಯಾಡ್ರಿಡ್ ಅನ್ನು 2–1ರಿಂದ ಸೋಲಿಸಿದ್ದು ಹೆಚ್ಚುವರಿ ಅವಧಿಯಲ್ಲಿ, ಗೆಲುವಿನ ಗೋಲು ಬದಲಿ ಆಟಗಾರ ಜಾನ್ ಹ್ಯೂವಿಟ್ ಅವರದು. ಗೋಲು ಹೊಡೆದವನೇ ಎದುರು ಕೂತಿರುವಾಗ ಪುಸ್ತಕದಲ್ಲಿ ಬೇರೆ ಹೆಸರಿದ್ದರೆ ಯಾವ ಭಾಷಣವೂ ಅದನ್ನು ಮುಚ್ಚಲಾರದು.

ಕಾಣಿಕೆಗೆ ಗಾಜಿನ ಬಟ್ಟಲು ಬೇಡ, ಅವರ ಮನೆಯಲ್ಲಿ ಈಗಾಗಲೇ ಹತ್ತಿರುತ್ತವೆ. ಅವರ ಕೈಕೆಳಗೆ ಒಂದೇ ಪಂದ್ಯ ಆಡಿದವನನ್ನೂ ಬಿಡದೆ ಎಲ್ಲ ಆಟಗಾರರ ಹೆಸರು, ಆಡಿದ ಪಂದ್ಯಗಳ ಸಂಖ್ಯೆ ಬರೆದ ಒಂದು ಚೌಕಟ್ಟು ಕೊಡಿ. ಇಪ್ಪತ್ತಾರು ವರ್ಷ ಒಂದೇ ಕ್ಲಬ್‌ನಲ್ಲಿದ್ದ ಫರ್ಗುಸನ್‌ರಂಥವರಿಗಾದರೆ ಪಟ್ಟಿ ಹೊಂದಿಸಲು ತಿಂಗಳುಗಳೇ ಬೇಕು, ಹಾಗಾಗಿ ದಿನ ಗೊತ್ತಾದ ವಾರವೇ ಶುರುಮಾಡಿ. ದೊಡ್ಡ ಚೌಕಟ್ಟನ್ನು ವೇದಿಕೆಯಲ್ಲಿ ತೋರಿಸಿ ಮರುದಿನ ಮನೆಗೆ ತಲುಪಿಸಿ. 10.20ಕ್ಕೆ ಅವರ ಕಾರು ಹಿಂಬಾಗಿಲಿಗೆ ಬಂದು ನಿಂತಿರಲಿ. ಮುಂಬಾಗಿಲಿನಿಂದ ಹೊರಟರೆ ಕೈಕುಲುಕುವವರ ನಡುವೆ ಇನ್ನೂ ಒಂದು ಗಂಟೆ ನಿಲ್ಲಬೇಕಾಗುತ್ತದೆ.